ಮೆಟ್ರೋ ಬಂದ ಮೇಲೂ ಬಸ್ಸಿಗೇ ಯಾಕೆ ಕಾಯ್ತಾರೆ?

ಪ್ರಶ್ನೆ: ಬೆಂಗಳೂರಿನಲ್ಲಿ ಮೆಟ್ರೋ ಇಷ್ಟು ದೂರ ಹಬ್ಬಿದೆ. ಆದರೂ ಮನೆಗೆಲಸದವರು, ಗಾರೆ ಕೆಲಸದವರು ತುಂಬಿದ ಬಸ್ಸಿಗೇ ಯಾಕೆ ಜೋತು ಬೀಳ್ತಾರೆ?

ಮೊದಲು ಒಂದು ಲೆಕ್ಕ ಹಾಕೋಣ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಊರಿನ ಒಂದು ಅಂಚಿನಿಂದ ಇನ್ನೊಂದು ಕಡೆ ಕೆಲಸಕ್ಕೆ ಹೋಗಿ ಬರುವ ಗಾರೆಯವನಿಗೆ ದಿನಕ್ಕೆ 180 ಆಯಿತು. 26 ದಿನ ಕೆಲಸ ಸಿಕ್ಕರೆ 4,680. ಮೆಟ್ರೋ ಕಾರ್ಡಿನ ರಿಯಾಯಿತಿ ಕಳೆದರೂ ನಾಲ್ಕು ಸಾವಿರ ದಾಟುತ್ತದೆ. ಅದೇ ವರ್ಷ ಜನವರಿಯಲ್ಲಿ ಬಸ್ ದರವೂ ಏರಿತು. ಆಗಲೂ ಬಿಎಂಟಿಸಿ ಸಾಮಾನ್ಯ ಬಸ್ಸಿನ ತಿಂಗಳ ಪಾಸು 1,200 ರೂಪಾಯಿಗೆ ನಿಂತಿತು. ಉಳಿಯೋ ಮೂರು ಸಾವಿರ ಮನೆ ರೇಷನ್ನಿನ ದುಡ್ಡು, ಅಲ್ವಾ? ಹೆಂಗಸರಿಗಂತೂ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಮೆಟ್ರೋಗೆ ಆ ಸೌಲಭ್ಯ ಇಲ್ಲ.

ದುಡ್ಡಿನ ಮಾತು ಪಕ್ಕಕ್ಕಿಡಿ. ಬೆಳಗಿನ ಜಾವ ನಾಲ್ಕೂವರೆಗೆ ಕೆ.ಆರ್. ಮಾರ್ಕೆಟ್‌ಗೆ ಒಮ್ಮೆ ಹೋಗಿ. ಒದ್ದೆ ಗೋಣಿಚೀಲದಲ್ಲಿ ಸೇವಂತಿಗೆ ತುಂಬಿಕೊಂಡ ಹೆಂಗಸರು ಮೊದಲ ಬಸ್ಸಿಗೆ ನಿಂತಿರುತ್ತಾರೆ. ಚೀಲದಿಂದ ನೀರು ತೊಟ್ಟಿಕ್ಕಿ ಸೀರೆಯಂಚು ನೆನೆದಿರುತ್ತದೆ. ಮೆಟ್ರೋ ಸ್ಟೇಷನ್ ಅಲ್ಲೇ ಪಕ್ಕದಲ್ಲಿದೆ, ಆದರೆ ಹೆಚ್ಚಿನ ದಿನ ಆ ಹೊತ್ತಿಗೆ ರೈಲು ಇನ್ನೂ ಶುರುವಾಗಿರುವುದಿಲ್ಲ. ಶುರುವಾದ ಮೇಲೂ ಸಾಮಾನಿನ ಗಾತ್ರಕ್ಕೆ, ತೂಕಕ್ಕೆ ಮಿತಿ ಇದೆ. ಬಸ್ಸಿನಲ್ಲಾದರೆ ಡ್ರೈವರ್ ಪಕ್ಕ ಮೂಟೆ ಇಟ್ಟು, ಲಗೇಜ್ ಟಿಕೆಟ್ ತಗೊಂಡು, ಅವರ ಬೀದಿಯ ದೇವಸ್ಥಾನದ ಮುಂದೆಯೇ ಇಳಿಯಬಹುದು.

ಮನೆಗೆಲಸದವರ ಓಡಾಟವೂ ಆಫೀಸಿನವರ ಹಾಗಲ್ಲ. ಬೆಳಗ್ಗೆ ಎರಡು ಮನೆ, ಮಧ್ಯಾಹ್ನ ಮಗುವಿನ ಸ್ಕೂಲು, ಆಮೇಲೆ ಇನ್ನೊಂದು ಮನೆ. ಎಲ್ಲಾ ಎರಡು, ಮೂರು ಕಿಲೋಮೀಟರ್ ತುಂಡು ಪ್ರಯಾಣ. ಇದಕ್ಕೆ ಸ್ಟೇಷನ್ ತನಕ ನಡೆದು, ಮೆಟ್ಟಿಲು ಹತ್ತಿ ಇಳಿದು, ಮತ್ತೆ ಆಟೋ ಹಿಡಿದರೆ ಸಮಯವೂ ಹೋಯ್ತು, ಕಾಸೂ ಹೋಯ್ತು. ಜೊತೆಗೆ ಸ್ಟೇಷನ್ ಬಂದ ಕಡೆ ಬಾಡಿಗೆ ಏರುತ್ತದೆ. ಬಡವರು ಇನ್ನೂ ಆಚೆ ಸರಿಯುತ್ತಾರೆ, ರೈಲು ಅವರಿಂದ ಮತ್ತೆ ದೂರವಾಗುತ್ತದೆ.

ಮೆಟ್ರೋ ಬೇಡ ಅಂತ ನಾನು ಹೇಳುತ್ತಿಲ್ಲ. ಬೊಮ್ಮಸಂದ್ರದವರೆಗೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದಾಗ ನನಗೂ ಖುಷಿಯಾಗಿತ್ತು. ಆದರೆ ಬಸ್ಸಿಗೆ ದಾರಿ ಬಿಡೋಕೆ ಈ ಊರಿಗೆ ಮನಸ್ಸು ಸಾಲದು. 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಒಂದು ಪಥ ಬಿಟ್ಟಿದ್ದರು. ಆಮೇಲೆ ಮೆಟ್ರೋ ಕಾಮಗಾರಿ ಬಂತು, ಆ ಪಥ ಕಾಣೆಯಾಯಿತು. ಒಂದು ಬಸ್ಸಿನಲ್ಲಿ ಅರವತ್ತು ಜನ ನಿಂತುಕೊಂಡು, ಒಬ್ಬೊಬ್ಬರೇ ಕೂತ ಕಾರುಗಳ ಹಿಂದೆ ಕಾಯುವುದು ನನಗೆ ಸರಿ ಅನ್ನಿಸಲ್ಲ.

ನನ್ನ ಕೇಳಿದರೆ ಹೊಸ ಮೇಲ್ಸೇತುವೆಗಿಂತ ಮೊದಲು ಬೇಕಾಗಿರೋದು ರಾತ್ರಿಯ ಕಡೇ ಬಸ್ಸು. ರಾತ್ರಿ ಹೋಟೆಲಿನಲ್ಲಿ ಪಾತ್ರೆ ತೊಳೆದು ಹೊರಬರುವ ಹೆಂಗಸಿಗೆ ಹತ್ತು ಗಂಟೆ ಮೇಲೆ ತನ್ನ ಲೇಔಟಿಗೆ ಬಸ್ಸು ಇರಬೇಕು. ಅದು ತಪ್ಪಿದರೆ ಅವತ್ತಿನ ಕೂಲಿಯಲ್ಲಿ ದೊಡ್ಡ ಪಾಲು ಆಟೋಗೆ ಹೋಗುತ್ತದೆ.