ಕೂತಿದ್ದು ಇಲ್ಲಿ, ಹಾನಿಯಾಗಿದ್ದು ಅಲ್ಲಿ: ಕೇಸು ಎಲ್ಲಿ ನಡೆಯಬೇಕು?

"ಸರ್, ನನ್ನ ಮಗ ಬೆಂಗಳೂರು ಬಿಟ್ಟು ಎಲ್ಲೂ ಹೋಗಿಲ್ಲ. ಅವನಿಗೆ ಪಾಸ್‌ಪೋರ್ಟೇ ಇಲ್ಲ. ಅಮೆರಿಕದವರು ಅವನನ್ನ ಹೇಗೆ ಕೇಳ್ತಾರೆ?"

ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ವಕೀಲನಾದ ನನ್ನ ಆಫೀಸಿನಲ್ಲಿ ಕೂತು ಹೀಗೆ ಕೇಳಿದ್ದರು. ಅಮೆರಿಕದ ಕಂಪ್ಯೂಟರಿಗೆ ಇಲ್ಲಿಂದಲೇ ನುಗ್ಗಿದ ಆರೋಪ ಮಗನ ಮೇಲಿತ್ತು. ಅವರ ಫೈಲಿನಲ್ಲಿ ಪೊಲೀಸರ ನೋಟಿಸಿನ ಜೊತೆ ಮಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೂ ಇತ್ತು. ಹುಡುಗ ಒಳ್ಳೆಯವನು ಅಂತ ತೋರಿಸಲು ಮನೆಯಲ್ಲಿ ಅವರ ಕೈಗೆ ಸಿಕ್ಕ ಕಾಗದ ಅದು.

ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಕೀಬೋರ್ಡ್ ಇರುವುದು ಒಂದು ದೇಶದಲ್ಲಿ, ನುಗ್ಗಿದ ಕಂಪ್ಯೂಟರ್ ಇರುವುದು ಇನ್ನೊಂದು ದೇಶದಲ್ಲಿ. ಹಾಗಾದರೆ ಅಪರಾಧ ನಡೆದದ್ದು ಎಲ್ಲಿ? ಎರಡೂ ಕಡೆ ಅಂತಲೇ ಹೇಳಬೇಕು. ದೇಶದೊಳಗಿನ ಕೇಸುಗಳಲ್ಲೂ ನಮ್ಮ ಕಾನೂನು ಹೀಗೇ ಹೇಳುತ್ತದೆ: ಕೃತ್ಯ ನಡೆದ ಊರಲ್ಲಾದರೂ ವಿಚಾರಣೆ ಮಾಡಿ, ಪರಿಣಾಮ ಆದ ಊರಲ್ಲಾದರೂ ಮಾಡಿ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಹಳೆಯ ಕಾಯ್ದೆ ಸಿಆರ್‌ಪಿಸಿಯ 179ನೇ ಕಲಮಿನಲ್ಲಿದ್ದ ಈ ಮಾತು, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 199ರಲ್ಲಿದೆ. ಎರಡು ದೇಶಗಳ ನಡುವೆ ಹೀಗಾದಾಗ ಇಬ್ಬರಿಗೂ ಅಧಿಕಾರ ಇದೆ ಅಂದಮೇಲೆ ಯಾರು ಬಿಟ್ಟುಕೊಡಬೇಕು? ಕಷ್ಟ ಶುರುವಾಗುವುದು ಇಲ್ಲೇ.

ಬ್ರಿಟನ್ ಈ ಪಾಠ ಕಲಿತದ್ದು ಗ್ಯಾರಿ ಮೆಕಿನ್ನನ್ ಕೇಸಿನಿಂದ. ಲಂಡನ್ನಿನಲ್ಲಿ ಕೂತು ಅಮೆರಿಕದ ಸೇನೆ ಮತ್ತು ನಾಸಾದ 97 ಕಂಪ್ಯೂಟರುಗಳಿಗೆ ನುಗ್ಗಿದ ಆರೋಪ ಅವರ ಮೇಲಿತ್ತು. 2002ರಿಂದ ಎಳೆದ ಕೇಸು. ಅವರಿಗೆ ಆಟಿಸಂನ ಒಂದು ಬಗೆಯಾದ ಆಸ್ಪರ್ಜರ್ ಸಿಂಡ್ರೋಮ್ ಇತ್ತು, ಅಮೆರಿಕಕ್ಕೆ ಕಳಿಸಿದರೆ ಆತ್ಮಹತ್ಯೆ ಮಾಡಿಕೊಳ್ಳುವ ಅಪಾಯವೂ ಇತ್ತು. ಇದನ್ನು ನೋಡಿ ಗೃಹ ಸಚಿವೆ ತೆರೇಸಾ ಮೇ 2012ರ ಅಕ್ಟೋಬರಿನಲ್ಲಿ ಹಸ್ತಾಂತರ, ಅಂದರೆ ಆರೋಪಿಯನ್ನು ಕೇಳಿದ ದೇಶಕ್ಕೆ ಒಪ್ಪಿಸುವುದನ್ನು, ತಡೆದರು. ಸರಿ, ಇನ್ನು ಲಂಡನ್ನಿನಲ್ಲೇ ಕೇಸು ನಡೆಯಬೇಕಿತ್ತು, ಅಲ್ವಾ? ಡಿಸೆಂಬರಿನಲ್ಲಿ ಅಲ್ಲಿನ ಪ್ರಾಸಿಕ್ಯೂಷನ್ ಮುಖ್ಯಸ್ಥರಾಗಿದ್ದ ಕೀರ್ ಸ್ಟಾರ್ಮರ್, ಕೇಸು ಹಾಕುವುದಿಲ್ಲ ಎಂದರು. ಸಾಕ್ಷಿಗಳೂ ಪುರಾವೆಗಳೂ ಅಮೆರಿಕದಲ್ಲಿವೆ, ಇಲ್ಲಿ ಶಿಕ್ಷೆಯಾಗುವುದು ಕಷ್ಟ ಅನ್ನುವುದು ಅವರ ಕಾರಣ. ಅಲ್ಲಿಗೆ ಹತ್ತು ವರ್ಷ ಆರೋಪ ಹೊತ್ತ ಮನುಷ್ಯನ ತಪ್ಪೋ ಸರಿಯೋ ಯಾವ ಕೋರ್ಟೂ ಹೇಳಲಿಲ್ಲ.

ಆಮೇಲೆ 2013ರಲ್ಲಿ ಅಲ್ಲಿ ಕಾನೂನು ತಿದ್ದಿದರು. ಕೃತ್ಯದ ದೊಡ್ಡ ಭಾಗ ಬ್ರಿಟನ್‌ನಲ್ಲೇ ನಡೆದಿದ್ದರೆ, ಕಳಿಸುವುದು ನ್ಯಾಯವೇ ಎಂದು ಜಡ್ಜ್ ತೂಗಿ ನೋಡಬೇಕು. ಹೆಚ್ಚಿನ ಹಾನಿ ಎಲ್ಲಾಯಿತು, ಸಂತ್ರಸ್ತರಿಗೆ ಯಾವುದು ಒಳ್ಳೆಯದು, ಬ್ರಿಟನ್‌ನಲ್ಲೇ ವಿಚಾರಣೆಯಾದರೆ ಪುರಾವೆ ಸಿಗುತ್ತದಾ, ಎಷ್ಟು ತಡವಾಗುತ್ತದೆ, ಆರೋಪಿಗೆ ಬ್ರಿಟನ್ ಜೊತೆ ಎಂಥ ನಂಟಿದೆ, ಇವನ್ನೆಲ್ಲ ನೋಡಬೇಕು. ಅಮೆರಿಕದ ಸರ್ಕಾರಿ ಕಂಪ್ಯೂಟರುಗಳಿಗೆ ನುಗ್ಗಿದ ಆರೋಪವಿದ್ದ ಲಾರಿ ಲವ್ 2018ರ ಫೆಬ್ರುವರಿಯಲ್ಲಿ ಹೈಕೋರ್ಟಿನಲ್ಲಿ ಗೆದ್ದದ್ದು ಇದರ ಬಲದಿಂದಲೂ, ಆರೋಗ್ಯದ ಕಾರಣದಿಂದಲೂ. ಹಾನಿ ಆದದ್ದು ಅಮೆರಿಕದಲ್ಲಿ ಅನ್ನುವುದು ಅವರಿಗೆ ವಿರುದ್ಧವಾಗಿಯೇ ಇತ್ತು. ಆದರೂ ಉಳಿದದ್ದನ್ನೆಲ್ಲ ಸೇರಿಸಿ ತೂಗಿದಾಗ ತಕ್ಕಡಿ ಅವರ ಕಡೆ ಬಾಗಿತು.

ಪುರಾವೆಯ ಮಾತನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನನಗೆ ಅದೇ ಮುಖ್ಯ. ಆ ತಂದೆಯ ಫೈಲಿನಲ್ಲಿ ಸರ್ವರ್ ಲಾಗ್, ಅಂದರೆ ಕಂಪ್ಯೂಟರಿನಲ್ಲಿ ಯಾವಾಗ ಏನಾಯಿತು ಅನ್ನುವ ದಾಖಲೆಯ ಪ್ರಿಂಟ್ ಒಂದಿತ್ತು. ಒಂದು ಸಾಲಿನಲ್ಲಿ 20:40 ಅಂತ ಯುಟಿಸಿ ಸಮಯ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ನಮ್ಮ ಗಡಿಯಾರದಲ್ಲಿ ಅದು ಮರುದಿನ ಬೆಳಗಿನ ಜಾವ 2 ಗಂಟೆ 10 ನಿಮಿಷ. ತಾರೀಖೇ ಬದಲಾಯಿತು! ಹುಡುಗ ಆ ಹೊತ್ತಿಗೆ ಎಲ್ಲಿದ್ದ ಅಂತ ವಾದ ಮಾಡುವಾಗ ಈ ಐದೂವರೆ ಗಂಟೆಯೇ ಕೇಸನ್ನು ಕಟ್ಟುತ್ತದೆ ಅಥವಾ ಒಡೆಯುತ್ತದೆ. ಆ ಲಾಗ್ ತೆಗೆದ ಇಂಜಿನಿಯರ್ ಇರುವುದು ಸಾಗರದಾಚೆ. ಅವನನ್ನು ಪಾಟೀಸವಾಲು ಮಾಡದೆ ನಾನು ಹುಡುಗನ ಪರ ಹೇಗೆ ವಾದಿಸಲಿ? ಹುಡುಗನನ್ನು ಅಲ್ಲಿಗೆ ಕಳಿಸಿದರೆ, ಅವನ ಪರ ಹೇಳಬೇಕಾದ ರೂಮ್‌ಮೇಟ್, ಓನರ್, ಆಫೀಸಿನವರು ಎಲ್ಲ ಇಲ್ಲೇ ಉಳಿಯುತ್ತಾರೆ.

ನಮ್ಮ 1962ರ ಹಸ್ತಾಂತರ ಕಾಯ್ದೆಯಲ್ಲಿ ಬ್ರಿಟನ್ನಿನಂಥ ಪಟ್ಟಿ ಇಲ್ಲ. ಮ್ಯಾಜಿಸ್ಟ್ರೇಟರು ನೋಡುವುದು ಮೇಲ್ನೋಟಕ್ಕೆ ಕೇಸಿದೆಯೇ ಅಂತ. ಯಾವ ದೇಶ ಸರಿ ಅನ್ನುವ ತೀರ್ಮಾನ ಕೇಂದ್ರ ಸರ್ಕಾರದ ಕೈಯಲ್ಲಿ ಉಳಿಯುತ್ತದೆ. 1993ರಲ್ಲಿ ಸೇರಿಸಿದ 34ಎ ಕಲಂ ಪ್ರಕಾರ, ಹಸ್ತಾಂತರ ಸಾಧ್ಯವಿಲ್ಲ ಅಂತ ಕಂಡರೆ ಇಲ್ಲೇ ಕೇಸು ನಡೆಸಬಹುದು. ನಡೆಸಲೇಬೇಕು ಅಂತಿಲ್ಲ. ಈ 'ಬಹುದು' ನನಗೆ ನೋವು ಕೊಡುತ್ತದೆ, ಯಾಕೆಂದರೆ ಮೆಕಿನ್ನನ್ ಕೇಸು ಬಿದ್ದ ಹಳ್ಳಕ್ಕೇ ನಾವೂ ಬೀಳಬಹುದು. ಕಳಿಸುವುದಿಲ್ಲ ಅಂದವರು ವಿಚಾರಣೆಯ ಹೊಣೆಯನ್ನೂ ಹೊರಬೇಕು. ಹಾನಿ ಉಂಡವರಿಗೂ ಅದು ಬೇಕು, ಆರೋಪ ಹೊತ್ತವನಿಗೂ ಬೇಕು.

ಮೊದಲು ವಿಚಾರಣೆ ಮಾಡಿದ ದೇಶದ ತೀರ್ಪೇ ಕೊನೆ ಅಂತಲೂ ಅಲ್ಲ. ಮುಂಬೈ ದಾಳಿಗೆ ನೆರವಾದ ಆರೋಪದಿಂದ ತಹವ್ವುರ್ ರಾಣಾನನ್ನು 2011ರಲ್ಲಿ ಷಿಕಾಗೋ ಜ್ಯೂರಿ ಬಿಟ್ಟಿತ್ತು. ಒಂದೇ ತಪ್ಪಿಗೆ ಎರಡು ಸಲ ವಿಚಾರಣೆ ಸಲ್ಲದು ಅಂತ ಆತ ಅಲ್ಲಿನ ಕೋರ್ಟುಗಳಲ್ಲಿ ವಾದಿಸಿದ. ಭಾರತ ಹೊರಿಸಿದ ಅಪರಾಧಗಳ ಅಂಶಗಳೇ ಬೇರೆ ಅಂತ ಕೋರ್ಟು ಹೇಳಿತು. 2025ರ ಏಪ್ರಿಲ್‌ನಲ್ಲಿ ಅವನನ್ನು ದೆಹಲಿಗೆ ತಂದರು.

ಆ ತಂದೆಗೆ ನಾನು ಅವತ್ತು ಹೇಳಿದ್ದು ಇಷ್ಟು: ಲ್ಯಾಪ್‌ಟಾಪ್‌ನಲ್ಲಿ ಏನನ್ನೂ ಅಳಿಸಬೇಡಿ, ಅಳಿಸಿದರೆ ಅದೇ ಇನ್ನೊಂದು ಕೇಸು. ಬಾಡಿಗೆ ಕರಾರು, ಇಂಟರ್ನೆಟ್ ಬಿಲ್ಲು, ಆಫೀಸಿನ ಹಾಜರಿ ತನ್ನಿ. ಅವರು ಒಂದು ಚೀಟಿಯ ಮೇಲೆ ಬರೆದುಕೊಂಡರು. ಎದ್ದು ಹೋಗುವ ಮುಂಚೆ ಮಾರ್ಕ್ಸ್ ಕಾರ್ಡ್ ಹಿಡಿದು, "ಇದು ಬೇಡ್ವಾ ಸರ್?" ಅಂದರು. ಇರಲಿ ಬಿಡಿ, ಜಾಮೀನು ಅರ್ಜಿಗೆ ಬೇಕಾದೀತು ಅಂದು ಫೈಲಿನಲ್ಲೇ ಇಟ್ಟುಕೊಂಡೆ.