ಇ350 ಪ್ಲೇಟಿಗೆ 6013 ರಾಡ್ ಸಾಕಾ?

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿಯಲ್ಲಿ ಫ್ಯಾಬ್ರಿಕೇಶನ್ ಕೆಲಸ ನಮ್ಮದು. ಇಷ್ಟು ದಿನ ಎಲ್ಲದಕ್ಕೂ 6013 ವೆಲ್ಡಿಂಗ್ ರಾಡ್ ಹಾಕುತ್ತಿದ್ದೆವು. ಈಗ ಗರ್ಡರ್ ಕೆಲಸಕ್ಕೆ ಇ350 ದರ್ಜೆಯ ಉಕ್ಕಿನ ಪ್ಲೇಟ್ ಬಂದಿದೆ. ರಾಡ್‌ನ ಶಕ್ತಿ 430, ಪ್ಲೇಟಿನದು 350. ಎರಡು ಪ್ಲೇಟನ್ನು ಅಂಚಿಗೆ ಅಂಚು ಕೂಡಿಸುವ ಬಟ್ ಜಾಯಿಂಟಿಗೆ ಅದೇ ರಾಡ್ ಸಾಕಲ್ವಾ?

ಸಾಲದು. 7018 ಬೇಕು. ನಿಮ್ಮ ಲೆಕ್ಕದಲ್ಲಿ ಎರಡು ಬೇರೆ ಬೇರೆ ಅಳತೆಗಳು ಬೆರೆತಿವೆ. ತುಂಬಾ ಕಡೆ ಹೀಗೇ ಆಗುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ಲೇಟಿನ 350 ಅನ್ನೋದು ಯೀಲ್ಡ್. ಎಳೆದು ಬಿಟ್ಟರೂ ಮೊದಲಿನ ಅಳತೆಗೆ ವಾಪಸ್ ಬಾರದ ಹಂತ ಅದು. 6013 ರಾಡಿನ ಹೆಸರಲ್ಲಿರೋ ಮೊದಲ 60 ಹೇಳೋದು ಟೆನ್ಸೈಲ್ (ಸಾವಿರ ಪಿಎಸ್‌ಐ ಲೆಕ್ಕದಲ್ಲಿ), ಅಂದರೆ ಹರಿಯುವ ಮುಂಚೆ ತಡೆಯುವ ಗರಿಷ್ಠ ಒತ್ತಡ. ಮೆಟ್ರಿಕ್ ದರ್ಜೆಯಲ್ಲಿ 6013ಕ್ಕೆ ಕನಿಷ್ಠ 430 ಮೆಗಾಪಾಸ್ಕಲ್, 7018ಕ್ಕೆ 490. ಈಗ ಪ್ಲೇಟಿನ ಟೆಸ್ಟ್ ಸರ್ಟಿಫಿಕೇಟ್ ತೆಗೆದು ಯೀಲ್ಡ್ ಪಕ್ಕದ ಟೆನ್ಸೈಲ್ ಕಾಲಂ ನೋಡಿ. ಉಕ್ಕಿನ ಭಾರತೀಯ ಮಾನದಂಡ ಐಎಸ್ 2062 ಪ್ರಕಾರ ಇ250ಕ್ಕೆ ಕನಿಷ್ಠ 410, ಇ350ಕ್ಕೆ 490. ಇ250ಕ್ಕೆ 6013 ಹೊಂದುತ್ತದೆ. ಇ350 ಮುಂದೆ ಅದು 60 ಮೆಗಾಪಾಸ್ಕಲ್ ಕಡಿಮೆ ಬೀಳುತ್ತದೆ.

ಮೂಲೆಯಲ್ಲಿ ತುಂಬುವ ಫಿಲೆಟ್ ಬೆಸುಗೆಯಾದರೆ ಅಳತೆ ದೊಡ್ಡದು ಮಾಡಿ ಕೊರತೆ ತುಂಬಿಸಬಹುದು. ಬಟ್ ಜಾಯಿಂಟಿನಲ್ಲಿ ಪ್ಲೇಟ್ ಎಷ್ಟು ದಪ್ಪವೋ ಬೆಸುಗೆಯೂ ಅಷ್ಟೇ. ಎಳೆತವೆಲ್ಲ ಅದರ ಮೂಲಕವೇ ಹೋಗಬೇಕು. ಉಕ್ಕಿನ ಕಟ್ಟಡ ವಿನ್ಯಾಸದ ಮಾನದಂಡ ಐಎಸ್ 800 ಕೂಡ ಬಟ್ ಬೆಸುಗೆಯನ್ನು ಪ್ಲೇಟಿನ ಭಾಗ ಅಂತಲೇ ಲೆಕ್ಕ ಹಾಕುತ್ತದೆ. ಹಾಗಂತ ಇನ್ನೂ ಗಟ್ಟಿಯಾದ 9018 ರಾಡ್ ತರಬೇಡಿ. ಪ್ಲೇಟಿಗಿಂತ ಜಾಸ್ತಿ ಶಕ್ತಿ ಜಾಯಿಂಟಿಗೆ ಬರೋದಿಲ್ಲ, ಬಿರುಕಿನ ಅಪಾಯ ಮಾತ್ರ ಹೆಚ್ಚುತ್ತದೆ. ಇ250ಕ್ಕೆ ಇ350 ಕೂಡಿಸುವಾಗ ಕಡಿಮೆ ಶಕ್ತಿಯ ಪ್ಲೇಟಿಗೆ ಹೊಂದುವ ಲೋ ಹೈಡ್ರೋಜನ್ (ಬೆಸುಗೆಗೆ ಹೈಡ್ರೋಜನ್ ಕಡಿಮೆ ಸೇರಿಸುವ) ರಾಡ್ ಸಾಕು. 7018 ಅಂಥದ್ದೇ, ಅಲ್ಲಿಗೂ ನಡೆಯುತ್ತದೆ.

ಶಕ್ತಿಯಷ್ಟೇ ಮುಖ್ಯ ಹೈಡ್ರೋಜನ್. ರಾಡಿನ ಲೇಪ ತೇವ ಹೀರಿದ್ದರೆ ಆರ್ಕ್‌ನ ಬಿಸಿಗೆ ಹೈಡ್ರೋಜನ್ ಬಿಡುಗಡೆಯಾಗಿ ಲೋಹದೊಳಗೆ ಸೇರುತ್ತದೆ. ಆಗ ಬಿರುಕು ಕಾಣೋದಿಲ್ಲ. ಬೆಸುಗೆ ತಣ್ಣಗಾಗಿ ಗಂಟೆಗಳ ಮೇಲೆ, ಕೆಲವೊಮ್ಮೆ ಮಾರನೇ ದಿನ, ಬೆಸುಗೆಯ ಪಕ್ಕದ ಪ್ಲೇಟಿನಲ್ಲಿ ಒಳಗೊಳಗೇ ಬಿಡುತ್ತದೆ. ಪ್ಲೇಟ್ ದಪ್ಪವಾದಷ್ಟೂ ಈ ಕಾಟ ಜಾಸ್ತಿ. ಹಾಗಾಗಿ ಇ250 ಆದರೂ ದಪ್ಪ ಪ್ಲೇಟಿಗೆ ನಾನು 7018 ಅನ್ನೇ ಹೇಳುತ್ತೇನೆ.

7018 ತಂದು ಪ್ಯಾಕೆಟ್ ಒಡೆದು ಮಳೆಗಾಲದಲ್ಲಿ ಸುಮ್ನೆ ಮೂಲೆಗಿಟ್ಟರೆ ಕೊಟ್ಟ ದುಡ್ಡು ದಂಡ. 120 ಡಿಗ್ರಿಗೆ ಕಡಿಮೆಯಿಲ್ಲದ ಓವನ್‌ನಲ್ಲಿಡಿ, ನಾಲ್ಕು ಗಂಟೆ ಕೆಲಸಕ್ಕೆ ಬೇಕಾದಷ್ಟೇ ಹೊರತೆಗೆಯಿರಿ. ತೇವ ಹಿಡಿದಿದ್ದರೆ ತಯಾರಕರು ಹೇಳಿದ ಬಿಸಿಯಲ್ಲಿ ಮತ್ತೆ ಬೇಯಿಸಿ. 6013 ಅನ್ನು ಮಾತ್ರ ಆ ಬಿಸಿಗೆ ಹಾಕಬೇಡಿ. ಅದರ ಲೇಪಕ್ಕೆ ಸ್ವಲ್ಪ ತೇವ ಇರಲೇಬೇಕು.

ಮೆಷಿನ್ ಕೂಡ ನೋಡಿಕೊಳ್ಳಿ. ಹಳೇ ಸಣ್ಣ ಟ್ರಾನ್ಸ್‌ಫಾರ್ಮರ್‌ನಲ್ಲಿ 7018 ಆರ್ಕ್ ಹಿಡಿಯೋದೇ ಕಷ್ಟ. ಡಿಸಿ ಮೆಷಿನ್‌ನಲ್ಲಿ ರಾಡನ್ನು ಪ್ಲಸ್‌ಗೆ ಕೊಟ್ಟು, ಆರ್ಕ್ ಗಿಡ್ಡವಾಗಿಟ್ಟು ಓಡಿಸಿ. ಡ್ರಾಯಿಂಗ್‌ನಲ್ಲಿ ಇಂಥದ್ದೇ ರಾಡ್ ಅಂತ ಬರೆದಿದ್ದರೆ ಅದನ್ನೇ ಹಾಕಿ. ಬದಲಿಸಬೇಕು ಅನ್ನಿಸಿದರೆ ಎಂಜಿನಿಯರ್ ಒಪ್ಪಿಗೆ ಬರಹದಲ್ಲಿ ತಗೊಳ್ಳಿ.