ಕೋವಿ ಎಣಿಸಿದವರು ಯಾರು?

ಜನಸಾಮಾನ್ಯರ ಕೈಯಲ್ಲಿ ಅತಿ ಹೆಚ್ಚು ಬಂದೂಕು ಇರುವ ದೇಶ ಅಮೆರಿಕ ಅನ್ನೋದು ಎಲ್ಲರಿಗೂ ಗೊತ್ತು. ಎರಡನೆಯದು ಯಾವುದು? ಕೆಲವರು ಯೆಮೆನ್ ಅಂತಾರೆ, ಕೆಲವರು ಪಾಕಿಸ್ತಾನ ಅಂತಾರೆ. ಲೆಕ್ಕದ ಪ್ರಕಾರ ಅದು ಭಾರತ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2018ರಲ್ಲಿ ಕೊಟ್ಟ ಅಂದಾಜಿನಂತೆ ನಮ್ಮ ನಾಗರಿಕರ ಬಳಿ 7.11 ಕೋಟಿ ಬಂದೂಕುಗಳಿವೆ. ಅಮೆರಿಕದಲ್ಲಿ 39.3 ಕೋಟಿ, ಚೀನಾದಲ್ಲಿ 4.97 ಕೋಟಿ, ಪಾಕಿಸ್ತಾನದಲ್ಲಿ 4.39 ಕೋಟಿ.

ಅಂಕಿಅಂಶದ ಕೆಲಸ ಮಾಡುವ ನನಗೆ ಈ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತದೆ. ಜೊತೆಗೆ ಪತ್ರಿಕೆಯ ಗೆಳೆಯರ ಪ್ರಶ್ನೆಯೂ ಬರುತ್ತದೆ: "ಸರ್, ಇದು ನಿಜಾನಾ?" ನಿಜವೋ ಸುಳ್ಳೋ ಅನ್ನುವ ಮೊದಲು ಇದನ್ನು ಎಣಿಸಿದವರು ಯಾರು, ಏನನ್ನು ಎಣಿಸಿದರು ಅಂತ ನೋಡಬೇಕು.

ಮೊದಲು ಜನಸಂಖ್ಯೆಯಿಂದ ಭಾಗಿಸಿ. ನಮ್ಮದು ನೂರು ಜನರಿಗೆ 5.3 ಬಂದೂಕು. ಪಾಕಿಸ್ತಾನ 22.3, ಯೆಮೆನ್ 52.8, ಅಮೆರಿಕ 120.5. ಎರಡನೇ ಸ್ಥಾನದಲ್ಲಿದ್ದ ಭಾರತ ದಿಢೀರನೆ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಹೋಯಿತು. ಈಗ ಎರಡನೇ ಸ್ಥಾನಕ್ಕೆ ಬಂದಿರೋದು ಫಾಕ್‌ಲ್ಯಾಂಡ್ ದ್ವೀಪಗಳು, ನೂರಕ್ಕೆ 62.1. ಅಲ್ಲಿರುವವರು ಸುಮಾರು 3 ಸಾವಿರ ಜನ. ನಮ್ಮಲ್ಲಿ ಒಂದು ದೊಡ್ಡ ಊರಿನ ಜನಸಂಖ್ಯೆ ಅಷ್ಟೇ. ಅಷ್ಟು ಸಣ್ಣ ಜಾಗದಲ್ಲಿ ಕುರಿ ಸಾಕುವ ಒಂದು ನೂರು ಜನ ಇನ್ನೊಂದೊಂದು ರೈಫಲ್ ಕೊಂಡರೂ ದರ ಮೂರರಷ್ಟು ಜಿಗಿಯುತ್ತದೆ. ಅದನ್ನು ಅಮೆರಿಕದ ಪಕ್ಕ ಇಟ್ಟು ನೋಡೋದರಲ್ಲಿ ಅರ್ಥವಿಲ್ಲ.

ಇನ್ನು ಆ 120.5. ಇದನ್ನು ಕೇಳಿದವರು ಅಮೆರಿಕದಲ್ಲಿ ಪ್ರತಿಯೊಬ್ಬರ ಬಳಿಯೂ ಬಂದೂಕು ಇದೆ ಅಂದುಕೊಳ್ಳುತ್ತಾರೆ. ಪ್ಯೂ ಸಂಶೋಧನಾ ಸಂಸ್ಥೆ 2023ರಲ್ಲಿ ಕೇಳಿದಾಗ ತಮ್ಮ ಬಳಿ ಬಂದೂಕು ಇದೆ ಅಂದವರು ವಯಸ್ಕರಲ್ಲಿ ಶೇ 32 ಮಾತ್ರ. ಹಳ್ಳಿಗಳಲ್ಲಿ ಶೇ 47, ನಗರಗಳಲ್ಲಿ ಶೇ 20. 2015ರಲ್ಲಿ ನಡೆದ ಇನ್ನೊಂದು ಸಮೀಕ್ಷೆಯಲ್ಲಿ ಗೊತ್ತಾಗಿದ್ದು, ದೇಶದ ಅರ್ಧದಷ್ಟು ಬಂದೂಕುಗಳು ಬರೀ ಶೇ 3ರಷ್ಟು ವಯಸ್ಕರ ಹತ್ತಿರ ಇವೆ. ನೂರು ಜನರಿಗೆ ಎಷ್ಟು ಬಂದೂಕು ಅನ್ನೋದು ಒಂದು ಲೆಕ್ಕ, ನೂರರಲ್ಲಿ ಎಷ್ಟು ಜನರ ಬಳಿ ಬಂದೂಕಿದೆ ಅನ್ನೋದು ಇನ್ನೊಂದು, ನೂರು ಮನೆಗಳಲ್ಲಿ ಎಷ್ಟರಲ್ಲಿದೆ ಅನ್ನೋದು ಮತ್ತೊಂದು. ಸುದ್ದಿಯಲ್ಲಿ ಮೂರನ್ನೂ ಕಲಸಿಬಿಡುತ್ತಾರೆ.

ಈಗ ನಮ್ಮ 7.11 ಕೋಟಿಗೆ ಬರೋಣ. ಇದರಲ್ಲಿ ನೋಂದಣಿಯಾದವು 97 ಲಕ್ಷ. ಉಳಿದ 6.14 ಕೋಟಿ ನೋಂದಣಿ ಇಲ್ಲದವು, ಅಂದರೆ ಅಂದಾಜು. ನಮ್ಮ ಗೃಹ ಸಚಿವಾಲಯದ ಲೆಕ್ಕ ಬೇರೆಯೇ ಇದೆ. 2016ರ ಡಿಸೆಂಬರ್ 31ಕ್ಕೆ ದೇಶದಲ್ಲಿ ಚಾಲ್ತಿಯಲ್ಲಿದ್ದ ಬಂದೂಕು ಪರವಾನಗಿಗಳು 33.69 ಲಕ್ಷ. ಆಗಿನ ಕಾನೂನಿನಲ್ಲಿ ಒಂದು ಪರವಾನಗಿಯ ಮೇಲೆ ಹೆಚ್ಚೆಂದರೆ ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. 33.69 ಲಕ್ಷವನ್ನು ಮೂರರಿಂದ ಗುಣಿಸಿದರೆ 1.01 ಕೋಟಿ. ಅಂದರೆ 97 ಲಕ್ಷ ಅನ್ನೋದು ಸರಿಯಾಗಬೇಕಿದ್ದರೆ ಹೆಚ್ಚುಕಡಿಮೆ ಪ್ರತಿಯೊಬ್ಬ ಪರವಾನಗಿದಾರನ ಮನೆಯಲ್ಲೂ ಮೂರು ಮೂರು ಬಂದೂಕು ಇರಬೇಕು. ಹಳೇ ಒಂಟಿ ನಳಿಗೆ ಕೋವಿಯೊಂದನ್ನು ಗೋಡೆಗೆ ನೇತುಹಾಕಿರುವ ನಮ್ಮ ಮಲೆನಾಡಿನ ರೈತನನ್ನು ನೋಡಿದವರು ಇದನ್ನು ನಂಬೋದು ಕಷ್ಟ.

ಹಾಗಂತ ಸ್ಮಾಲ್ ಆರ್ಮ್ಸ್ ಸರ್ವೆಯವರು ಸುಮ್ನೆ ಬರೆದರು ಅಂತ ಹೇಳುತ್ತಿಲ್ಲ. ಕಳ್ಳ ಬಂದೂಕನ್ನು ಯಾರೂ ಎಣಿಸಲಾಗದು. ಇಡೀ ಜಗತ್ತಿನ 85.7 ಕೋಟಿ ನಾಗರಿಕ ಬಂದೂಕುಗಳಲ್ಲಿ ದಾಖಲೆಯಲ್ಲಿ ಇರೋದು ಸುಮಾರು 10 ಕೋಟಿ ಮಾತ್ರ ಅಂತ ಆ ವರದಿಯೇ ಹೇಳುತ್ತದೆ. ಇದೇ ಸಂಸ್ಥೆಯ 2007ರ ಪಟ್ಟಿಯಲ್ಲಿ ಫಿನ್‌ಲ್ಯಾಂಡ್ ನೂರಕ್ಕೆ 45.3 ಇತ್ತು, ಸ್ವಿಟ್ಜರ್‌ಲ್ಯಾಂಡ್ 45.7. ಹತ್ತು ವರ್ಷದ ಮೇಲೆ 32.4 ಮತ್ತು 27.6. ಅಲ್ಲಿನ ಜನ ಬಂದೂಕುಗಳನ್ನು ಸರೋವರಕ್ಕೆ ಎಸೆದುಬಂದರು ಅಂತ ಇದರ ಅರ್ಥವಲ್ಲ. ಲೆಕ್ಕ ಹಾಕುವ ರೀತಿ ಸುಧಾರಿಸಿತು, ಕೈಗೆ ಸಿಕ್ಕ ದಾಖಲೆ ಬದಲಾಯಿತು.

ದೇಶದೊಳಗೆ ರಾಜ್ಯ ರಾಜ್ಯಗಳನ್ನು ಹೋಲಿಸೋದು ಇದಕ್ಕಿಂತ ಸುಲಭ ಆಗಬೇಕಿತ್ತು. ಒಂದೇ ಕಾನೂನು, ಒಂದೇ ದತ್ತಾಂಶ, ಒಂದೇ ದಿನಾಂಕ. ಗೃಹ ಸಚಿವಾಲಯದ ಪಟ್ಟಿಯಲ್ಲಿ ಉತ್ತರ ಪ್ರದೇಶ 12.77 ಲಕ್ಷ ಪರವಾನಗಿಗಳೊಂದಿಗೆ ಮೊದಲು. ನಂತರ ಜಮ್ಮು ಮತ್ತು ಕಾಶ್ಮೀರ 3.69 ಲಕ್ಷ, ಪಂಜಾಬ್ 3.59 ಲಕ್ಷ. ಕರ್ನಾಟಕ 1.13 ಲಕ್ಷ. 2011ರ ಜನಗಣತಿಯಿಂದ ಭಾಗಿಸಿದರೆ ಲಕ್ಷ ಜನರಿಗೆ ಉತ್ತರ ಪ್ರದೇಶದಲ್ಲಿ 640, ಪಂಜಾಬ್‌ನಲ್ಲಿ 1,300ರ ಹತ್ತಿರ, ನಾಗಾಲ್ಯಾಂಡ್‌ನಲ್ಲಿ 1,850, ಅರುಣಾಚಲದಲ್ಲಿ 2,490, ಜಮ್ಮು ಮತ್ತು ಕಾಶ್ಮೀರದಲ್ಲಿ 2,900ಕ್ಕೂ ಜಾಸ್ತಿ. ಕರ್ನಾಟಕ 186. ಬಿಹಾರ 79. ತಮಿಳುನಾಡು 31, ಕೇರಳ 28.

ಬಂದೂಕಿನ ರಾಜಧಾನಿ ಅಂತ ಹೆಸರಾದ ಉತ್ತರ ಪ್ರದೇಶ ಇಲ್ಲಿ ಹಿಮಾಚಲಕ್ಕಿಂತಲೂ ಕೆಳಗಿದೆ. ಹಿಮಾಚಲದ್ದು 1,120. ಸೇಬಿನ ತೋಟ, ಕೋತಿ, ಕಾಡುಹಂದಿ, ಒಂಟಿ ಮನೆಗಳು. ಕಾರಣ ಊಹಿಸೋದು ಕಷ್ಟವಲ್ಲ.

ಜಮ್ಮು ಮತ್ತು ಕಾಶ್ಮೀರದ ಸಂಖ್ಯೆಯಲ್ಲಿ ನಿಲ್ಲಬೇಕು. ಭಯೋತ್ಪಾದನೆ ಇರುವ ಜಾಗ, ಜನ ರಕ್ಷಣೆಗೆ ಬಂದೂಕು ಇಟ್ಟುಕೊಂಡಿದ್ದಾರೆ ಅಂತ ತಕ್ಷಣ ತೀರ್ಮಾನಿಸಬಹುದು. ಹಾಗೆ ಬರೆದ ಲೇಖನಗಳೂ ಇವೆ. ಆದರೆ 2017ರಲ್ಲಿ ರಾಜಸ್ಥಾನದ ಭಯೋತ್ಪಾದನೆ ನಿಗ್ರಹ ದಳ ಒಂದು ಜಾಲ ಹಿಡಿಯಿತು. ಹೊರ ರಾಜ್ಯದವರಿಗೆ ಜಮ್ಮು ಮತ್ತು ಕಾಶ್ಮೀರದ ಜಿಲ್ಲಾ ಕಚೇರಿಗಳಿಂದ ಪರವಾನಗಿ ಮಾಡಿಸಿಕೊಡುವ ದಂಧೆ. ಪ್ರಕರಣ ಸಿಬಿಐಗೆ ಹೋಯಿತು. 2012ರಿಂದ 2016ರವರೆಗೆ 2.78 ಲಕ್ಷಕ್ಕೂ ಹೆಚ್ಚು ಪರವಾನಗಿಗಳನ್ನು ಅರ್ಹತೆ ಇಲ್ಲದವರಿಗೆ ಕೊಟ್ಟಿದ್ದಾರೆ ಅನ್ನೋದು ಆರೋಪ. ಒರಟಾಗಿ ಅಷ್ಟನ್ನೂ ಕಳೆದು ನೋಡಿದರೆ ಲಕ್ಷಕ್ಕೆ 2,900 ಇದ್ದದ್ದು 730ರ ಆಸುಪಾಸಿಗೆ ಇಳಿಯುತ್ತದೆ. ಪರವಾನಗಿ ಹುಟ್ಟಿದ್ದು ಒಂದು ಕಡೆ, ಬಂದೂಕು ಇರೋದು ಇನ್ನೆಲ್ಲೋ. ಪಟ್ಟಿ ಹೇಳುತ್ತಿರುವುದು ಕಚೇರಿಯ ಮೊಹರಿನ ಬಗ್ಗೆ.

ಬಿಹಾರದ್ದು ಇದರ ಉಲ್ಟಾ. ಲಕ್ಷಕ್ಕೆ 79 ಅಂದರೆ ಕರ್ನಾಟಕದ ಅರ್ಧಕ್ಕಿಂತ ಕಮ್ಮಿ. ಆದರೆ ಮುಂಗೇರ್ ಇರೋದು ಅಲ್ಲೇ ಅಲ್ವಾ? ಒಂದು ಕಾಲಕ್ಕೆ ನವಾಬ ಮೀರ್ ಕಾಸಿಂನ ಬಂದೂಕು ಕಾರ್ಖಾನೆ ಇದ್ದ ಊರು, ಈಗ ಕಳ್ಳ ಪಿಸ್ತೂಲಿಗೆ ಹೆಸರುವಾಸಿ. ದೇಸಿ ಕಟ್ಟಾ, ಅಂದರೆ ಕಳ್ಳತನದಲ್ಲಿ ತಯಾರಾದ ನಾಡ ಪಿಸ್ತೂಲು ಇಟ್ಟುಕೊಂಡವನು ಪರವಾನಗಿಗೆ ಅರ್ಜಿ ಹಾಕೋದಿಲ್ಲ. ದೇಶದಲ್ಲಿ ಬಂದೂಕಿನಿಂದ ನಡೆಯುವ ಕೊಲೆಗಳಲ್ಲಿ ಬಹುಪಾಲು ಪರವಾನಗಿ ಇಲ್ಲದ ಬಂದೂಕುಗಳಿಂದಲೇ ಆಗೋದು. ಪರವಾನಗಿ ಲೆಕ್ಕ ಹಿಡಿದು ಯಾವ ರಾಜ್ಯ ಅಪಾಯಕಾರಿ ಅಂತ ಹೇಳುವುದು, ಡ್ರೈವಿಂಗ್ ಲೈಸೆನ್ಸ್ ಎಣಿಸಿ ಊರಿನಲ್ಲಿ ಎಷ್ಟು ಅಪಘಾತ ಆಗುತ್ತದೆ ಅಂತ ಹೇಳಿದ ಹಾಗೆ.

ನಮ್ಮದೇ ರಾಜ್ಯದ 186ರಲ್ಲಿ ಒಂದು ದೊಡ್ಡ ತೂತಿದೆ. ಅದರ ಹೆಸರು ಕೊಡಗು. ಬ್ರಿಟಿಷರ ಕಾಲದಲ್ಲಿ ಶುರುವಾದ ವಿನಾಯಿತಿ ಇವತ್ತಿಗೂ ಇದೆ. ಕೊಡವರು ಮತ್ತು ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರು ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರು ಜಿಲ್ಲಾಡಳಿತದಿಂದ ಪಡೆಯೋದು ವಿನಾಯಿತಿ ಪತ್ರ. ಪರವಾನಗಿಯೇ ಬೇಕಿಲ್ಲದವರ ಕೋವಿ ಪರವಾನಗಿಯ ಪಟ್ಟಿಯಲ್ಲಿ ಯಾಕೆ ಬರಬೇಕು? ರಾಜ್ಯದಲ್ಲಿ ಕೋವಿಯೊಂದಿಗೆ ಅತಿ ಹತ್ತಿರದ ಸಂಬಂಧ ಇರುವ ಜಿಲ್ಲೆಯೇ ಈ ಲೆಕ್ಕದಲ್ಲಿ ಅರ್ಧ ಮಾಯ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ, ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ನಾಡು ಅದು.

ಸರಿ, ದಾಖಲೆ ಬಿಟ್ಟು ಜನರನ್ನೇ ಕೇಳಿದರೆ? ಅಮೆರಿಕದವರು ಮಾಡೋದು ಅದನ್ನೇ. 1986ರ ಕಾನೂನು ಅಲ್ಲಿ ಕೇಂದ್ರ ಮಟ್ಟದಲ್ಲಿ ಬಂದೂಕು ನೋಂದಣಿ ಪಟ್ಟಿ ಮಾಡೋದನ್ನೇ ತಡೆದಿದೆ. ಹಾಗಾಗಿ 1970ರ ದಶಕದಿಂದ ಸಮೀಕ್ಷೆಯಲ್ಲಿ "ನಿಮ್ಮ ಮನೆಯಲ್ಲಿ ಬಂದೂಕು ಇದೆಯಾ?" ಅಂತ ಕೇಳುತ್ತಾ ಬಂದಿದ್ದಾರೆ. ಇದರಲ್ಲಿ ಒಂದು ತಮಾಷೆ ಸಿಕ್ಕಿತು. ಮದುವೆಯಾದ ಗಂಡಸರು "ಇದೆ" ಅಂದಷ್ಟು ಮದುವೆಯಾದ ಹೆಂಗಸರು ಅನ್ನಲಿಲ್ಲ. ಇಬ್ಬರೂ ಗಂಡ ಹೆಂಡತಿ ಒಟ್ಟಿಗಿರುವ ಮನೆಗಳವರೇ, ಎರಡು ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರಬೇಕಿತ್ತು. ಒಂದೋ ಹೆಂಡತಿಗೆ ಗೊತ್ತಿಲ್ಲ, ಇಲ್ಲವೇ ಹೇಳೋಕೆ ಇಷ್ಟವಿಲ್ಲ. ಒಂದೇ ಬಗೆಯ ಮನೆಗಳೊಳಗೆ ಇಷ್ಟು ವ್ಯತ್ಯಾಸ ಬಂದರೆ, ಎರಡು ಪ್ರದೇಶಗಳ ನಡುವೆ ಎಷ್ಟು ಬರಬಹುದು ಯೋಚಿಸಿ. ಇದೇ ಪ್ರಶ್ನೆಯನ್ನು ಕೊಡಗಿನಲ್ಲಿ ಕೇಳಿದರೆ ಅಜ್ಜನ ಕಾಲದ ಜೋಡು ನಳಿಗೆಯನ್ನು ಒಳಗಿನಿಂದ ತಂದು ತೋರಿಸುತ್ತಾರೆ. ಮುಂಗೇರ್‌ನಲ್ಲಿ ಕೇಳಿದರೆ ಕೇಳಿದವನಿಗೇ ನೂರು ಪ್ರಶ್ನೆ.

ಸಮೀಕ್ಷೆ ಕೈಕೊಟ್ಟಲ್ಲಿ ಅಮೆರಿಕದ ಸಂಶೋಧಕರು ಅಡ್ಡದಾರಿ ಹುಡುಕಿದರು. ಒಂದು ರಾಜ್ಯದಲ್ಲಿ ಆದ ಆತ್ಮಹತ್ಯೆಗಳಲ್ಲಿ ಬಂದೂಕಿನಿಂದ ಆದವು ಎಷ್ಟು ಪಾಲು ಅನ್ನೋದು ಅಲ್ಲಿನ ಬಂದೂಕಿನ ಪ್ರಮಾಣಕ್ಕೆ ಚೆನ್ನಾಗಿ ಹೊಂದುತ್ತದೆ. ಕೇಳೋಕೆ ಕಷ್ಟವಾದರೂ ಆ ದೇಶದ ಮಟ್ಟಿಗೆ ಇದು ನಂಬಬಹುದಾದ ಅಳತೆ. ಇದನ್ನೂ ಸಮೀಕ್ಷೆಗಳನ್ನೂ ಬೆರೆಸಿ ಅಲ್ಲಿನ ರ್‍ಯಾಂಡ್ ಸಂಶೋಧನಾ ಸಂಸ್ಥೆ 1980ರಿಂದ 2016ರವರೆಗಿನ ರಾಜ್ಯವಾರು ಅಂದಾಜು ಕೊಟ್ಟಿದೆ. ಮೊಂಟಾನಾ, ವಯೋಮಿಂಗ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಬಂದೂಕು. ನ್ಯೂಜೆರ್ಸಿ, ಹವಾಯಿಯಲ್ಲಿ ಐದು ಮನೆಗೆ ಒಂದೂ ಇಲ್ಲ. ಭಾರತದಲ್ಲಿ ಈ ದಾರಿ ನಡೆಯೋದಿಲ್ಲ. ಇಲ್ಲಿ ನೇಣು ಮತ್ತು ವಿಷವೇ ಜಾಸ್ತಿ.

ಇನ್ನೊಂದು ಅಡ್ಡದಾರಿ ಬಂದೂಕು ಕೊಳ್ಳುವಾಗ ಆಗುವ ಹಿನ್ನೆಲೆ ತಪಾಸಣೆಗಳನ್ನು ಎಣಿಸೋದು. ಅಲ್ಲೂ ಒಂದು ಕಾಶ್ಮೀರ ಇದೆ. ಕೆಂಟಕಿ ರಾಜ್ಯದ ಜನಸಂಖ್ಯೆ ಸುಮಾರು 45 ಲಕ್ಷ. ತಪಾಸಣೆ ಪಟ್ಟಿಯಲ್ಲಿ ಅದು ವರ್ಷಗಟ್ಟಲೆ ದೊಡ್ಡ ದೊಡ್ಡ ರಾಜ್ಯಗಳನ್ನು ಹಿಂದೆ ಹಾಕಿತ್ತು. ಕಾರಣ ಇಷ್ಟೇ: ಬಂದೂಕು ಮರೆಮಾಡಿ ಒಯ್ಯಲು ಅನುಮತಿ ಪಡೆದವರ ಹೆಸರನ್ನು ಆ ರಾಜ್ಯ ಪ್ರತಿ ತಿಂಗಳೂ ಮತ್ತೆ ತಪಾಸಣೆಗೆ ಹಾಕುತ್ತಿತ್ತು. ಒಬ್ಬನೇ ಮನುಷ್ಯ ವರ್ಷಕ್ಕೆ ಹನ್ನೆರಡು ಸಲ ಎಣಿಕೆಯಾಗುತ್ತಿದ್ದ.

ನಮ್ಮಲ್ಲಿ ಕಾಗದ ಮತ್ತು ಕೋವಿ ಮುಖಾಮುಖಿಯಾಗುವ ಅಪರೂಪದ ಸಮಯ ಅಂದರೆ ಚುನಾವಣೆ. ನೀತಿಸಂಹಿತೆ ಬರುತ್ತಿದ್ದಂತೆ ಮಲೆನಾಡು, ಕರಾವಳಿಯ ಠಾಣೆಗಳಿಗೆ ಬೆಳೆ ರಕ್ಷಣೆಯ ಕೋವಿಗಳು ಚುನಾವಣೆ ಮುಗಿಯುವವರೆಗಿನ ಠೇವಣಿಗೆ ಬರತೊಡಗುತ್ತವೆ. ಬಟ್ಟೆ ಸುತ್ತಿದ್ದು, ಗೋಣಿಚೀಲದೊಳಗಿನದ್ದು. ಠಾಣೆಯವರು ಪರವಾನಗಿ ಪುಸ್ತಕ ತೆರೆದು, ಕೋವಿಯ ಮೇಲೆ ಕೊರೆದ ನಂಬರ್ ತಾಳೆ ನೋಡಿ, ಚೀಟಿ ಕಟ್ಟಿ, ರಶೀದಿ ಕೊಡುತ್ತಾರೆ. ಪುಸ್ತಕ ಅಪ್ಪನ ಹೆಸರಿನಲ್ಲಿ, ತಂದವನು ಮಗ. ಪುಸ್ತಕದಲ್ಲಿ ಒಂದು, ಕೈಯಲ್ಲಿ ಎರಡು. ಕೇಪಿನ ಕೋವಿಯ (ಬಾಯಿಯಿಂದ ಮದ್ದು ತುಂಬುವ ಹಳೇ ಕೋವಿ) ನಂಬರ್ ತುಕ್ಕು ಹಿಡಿದು ಅಳಿಸಿಹೋಗಿದೆ. ರೈತರ ಗೊಣಗಾಟವೂ ನ್ಯಾಯವಾದದ್ದೇ: ಮಂಗನಿಗೂ ಹಂದಿಗೂ ನೀತಿಸಂಹಿತೆ ಗೊತ್ತಾ? ಆದರೆ ನನ್ನಂಥವನಿಗೆ ಠಾಣೆಯ ಆ ರಿಜಿಸ್ಟರ್ ಬಹಳ ಬೆಲೆಯದ್ದು. ಕಂಪ್ಯೂಟರಿನಲ್ಲಿರುವ ಪರವಾನಗಿಗಿಂತ, ಎದುರಿಗಿಟ್ಟು ನೋಡಿದ ಕೋವಿಯ ಲೆಕ್ಕ ಹೆಚ್ಚು ನಂಬಿಕೆಯದ್ದು. ಜಿಲ್ಲೆ ಜಿಲ್ಲೆಗಳನ್ನು ಹೋಲಿಸಬೇಕು ಅನ್ನುವವರಿಗೆ ಅಲ್ಲಿಂದ ಶುರುಮಾಡಿ ಅಂತ ಹೇಳುತ್ತೇನೆ.

ಹಾಗಾದರೆ ಯಾವ ಹೋಲಿಕೆಯನ್ನೂ ಮಾಡಬಾರದಾ? ಮಾಡಬಹುದು. ಕರ್ನಾಟಕದ 186, ಕೇರಳದ 28 ತೆಗೆದುಕೊಳ್ಳಿ. ಆರು ಪಟ್ಟು ದಾಟುವ ಅಂತರ. ಕಾಶ್ಮೀರದಂಥ ದೊಡ್ಡ ಪರವಾನಗಿ ಹಗರಣ ಎರಡೂ ಕಡೆ ಆದದ್ದು ನಾನು ಕೇಳಿಲ್ಲ. ಕೊಡಗಿನ ಕೋವಿಗಳನ್ನು ಸೇರಿಸಿದರೆ ಅಂತರ ಹೆಚ್ಚುತ್ತದೆಯೇ ಹೊರತು ಕಮ್ಮಿಯಾಗದು. ಹಾಗಾಗಿ ಈ ವ್ಯತ್ಯಾಸ ನಿಜವೇ ಇರಬೇಕು ಅಂತ ನನ್ನ ಅಭಿಪ್ರಾಯ. ಅದು ನೆಲದ ಮೇಲೂ ಕಾಣುತ್ತದೆ. ಕಾಡುಹಂದಿ ಕಾಟ ತಾಳಲಾರದೆ ಕೇರಳ ಸರ್ಕಾರ 2022ರಲ್ಲಿ ಹಂದಿ ಹೊಡೆಯಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ಕೊಟ್ಟಿತು. ಅಧಿಕಾರ ಬಂತು. ಎಷ್ಟೋ ಪಂಚಾಯತ್‌ಗಳಲ್ಲಿ ಪರವಾನಗಿ ಇರುವ ಈಡುಗಾರರು ಸಿಗೋದೇ ಕಷ್ಟವಾಯಿತು.